ಸುಡಾನಿ ದೋಸೆಗೆ ಇಕಾಮಾ ಇಲ್ಲ

ಕುವೈತಿನ ನೆನಪು ಹೇಳಿ ಎಂದು ಕೇಳುವವರಿಗೆಲ್ಲ ಬೇಕಾಗಿರುವುದು ಯುದ್ಧದ ಕತೆ. ನನಗೆ ಮಾತ್ರ ಇವತ್ತಿಗೂ ಮೈ ಉರಿಯುವುದು ಒಂದು ಕಾವಲಿಯ ವಿಷಯಕ್ಕೆ.

ಅಬು ಹಲೀಫಾದಲ್ಲಿ ನಮ್ಮ ಎದುರು ಮನೆಯಲ್ಲಿ ಒಬ್ಬ ಸುಡಾನಿ ಹೆಂಗಸಿದ್ದಳು. ಗಂಡ ತೀರಿಕೊಂಡಿದ್ದ. ಹಗಲು ಒಂದು ಶಾಲೆಯಲ್ಲಿ ಆಯಾ ಕೆಲಸ. ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಅದೇ ಶಾಲೆಯ ಮಾಲೀಕನ ಕೈಯಲ್ಲಿ. ಅಲ್ಲಿನವರ ಮಾತಿನಲ್ಲಿ ಅವನೇ ಅವಳ ಕಫೀಲ್, ಅಂದರೆ ಜವಾಬ್ದಾರ. ಸಂಬಳ ಬಾಡಿಗೆಗೇ ಮುಗಿಯುತ್ತಿತ್ತು. ಊರಲ್ಲಿ ನರ್ಸಿಂಗ್ ಕಲಿಯುತ್ತಿದ್ದ ಮಗಳನ್ನು ಓದಿಸುತ್ತಿದ್ದುದು ಅವಳ ಕಾವಲಿ. ಜೋಳದ ಹಿಟ್ಟು ಹುಳಿ ಬರಿಸಿ, ತಾಳೆಗರಿಯ ತುಂಡಿನಿಂದ ಎಳೆದು, ಕಾಗದದಷ್ಟು ತೆಳ್ಳಗೆ ಎರೆಯುತ್ತಿದ್ದಳು. ಅವರು ಅದನ್ನು ಕಿಸ್ರಾ ಅನ್ನುತ್ತಾರೆ.

ಮೊದಲ ದಿನ ಆ ಹುಳಿ ಪರಿಮಳ ಮೂಗಿಗೆ ಬಡಿದಾಗ ನಾನು ದೋಸೆಯೆಂದೇ ನಂಬಿ ಒಂದು ಬಟ್ಟಲು ಕಾಯಿಚಟ್ನಿ ಹಿಡಿದು ಹೋದೆ. ನಮ್ಮ ಕರಾವಳಿಯವರನ್ನು ಬಿಟ್ಟು ಬೇರೆ ಯಾರು ಹೀಗೆ ಮಾಡಿಯಾರು! ಅವಳು ಅದ್ದಿ ತಿಂದಳು, ಕಣ್ಣರಳಿಸಿದಳು. ಅಲ್ಲಿಂದ ಮುಂದೆ ಕಿಸ್ರಾ ಅವಳದು, ಚಟ್ನಿ ನನ್ನದು. ಎಣ್ಣೆ ಕಂಪೆನಿಗಳಲ್ಲಿ ದುಡಿಯುತ್ತಿದ್ದ ನಮ್ಮೂರಿನವರು ಬೆಳಿಗ್ಗೆ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕಟ್ಟಿಸಿಕೊಂಡು ಹೋಗುತ್ತಿದ್ದರು. ಸುಡಾನಿ ದೋಸೆ ಎಂದು ಹೆಸರಿಟ್ಟವರೂ ಅವರೇ.

ಒಂದು ವಿಷಯದಲ್ಲಿ ಮಾತ್ರ ನಾನು ಬಲು ಹಠಮಾರಿ. ಸಂಜೆ ದೀಪ ಹಚ್ಚಿದ ಮೇಲೆ ಮೊಸರಿನ ಹೆಪ್ಪಾಗಲಿ, ಹುಳಿಹಿಟ್ಟಾಗಲಿ ಮನೆಯಿಂದ ಹೊರಗೆ ಕೊಡುವವಳಲ್ಲ. ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಅಜ್ಜಿ ಕಲಿಸಿದ್ದು. ಇದನ್ನು ನನ್ನ ಅರೆಬರೆ ಅರಬ್ಬಿಯಲ್ಲಿ, ಕೈಸನ್ನೆಯಲ್ಲಿ ತಿಳಿಸಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಕೆಳಗೆ ರಸ್ತೆಬದಿಯಲ್ಲಿ ಒಂದು ಹೋಟೆಲು. ಮಾಲೀಕರು ನಮ್ಮ ಕರಾವಳಿಯವರೇ. ಅವರ ದೋಸೆ ಚೆನ್ನಾಗಿದ್ದಿದ್ದರೆ ಜನ ಅಲ್ಲಿಗೇ ಹೋಗುತ್ತಿದ್ದರು, ವಿಷಯ ಇಷ್ಟೇ. ಅವರು ನೀರು ಚಟ್ನಿಯನ್ನು ಸ್ವಲ್ಪ ಗಟ್ಟಿ ಮಾಡುವ ಬದಲು ದೂರು ಕೊಟ್ಟರು. ತಪಾಸಣೆಯವರು ಬಂದು ಹಿಟ್ಟನ್ನು ಬಚ್ಚಲಿಗೆ ಸುರಿದು ಕಾವಲಿ ಹೊತ್ತುಕೊಂಡು ಹೋದರು. ಲೈಸೆನ್ಸ್ ಮಾಡಿಸಿಕೋ ಎಂದರು. ಆಯಾ ಕೆಲಸದ ಇಕಾಮಾ ಇದ್ದವಳಿಗೆ ಲೈಸೆನ್ಸ್ ಸಿಗುವುದಿಲ್ಲ ಎಂದವರೂ ಅವರೇ. ಹಾಗಾದರೆ ಅವಳು ಏನು ಮಾಡಬೇಕಿತ್ತು? ಆ ಪ್ರಶ್ನೆಗೆ ಉತ್ತರ ಕೊಡುವವರನ್ನು ನಾನಿನ್ನೂ ಕಂಡಿಲ್ಲ.

ನನ್ನ ಕಾವಲಿಯನ್ನು ಅವಳಿಗೆ ಕೊಡಲು ಹೊರಟೆ. ಕುವೈತ್ ನಗರದ ಮಿರ್ಕಾಬಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡನಿಗೆ ದಿಗಿಲಾಯಿತು.

"ನೀನೆಂತಕ್ಕೆ ಅದಕ್ಕೆಲ್ಲ ತಲೆ ಹಾಕುವುದು? ನಾಳೆ ನಮ್ಮ ಇಕಾಮಾಕ್ಕೆ ಕುತ್ತು ಬಂದರೆ?"

"ಕಾವಲಿಗೆ ಇಕಾಮಾ ಇಲ್ಲ," ಎಂದು ಕೊಟ್ಟೇ ಬಂದೆ.

ಅದೇ ವರ್ಷ, ತೊಂಬತ್ತರ ಆಗಸ್ಟಿನಲ್ಲಿ, ಇರಾಕಿನ ಸೈನ್ಯ ನುಗ್ಗಿತು. ಹೋಟೆಲಿನವರು ಶಟರ್ ಎಳೆದು ಊರಿನ ದಾರಿ ಹಿಡಿದರು. ಅದಕ್ಕೆ ನಾನು ತಪ್ಪು ಹೇಳುವುದಿಲ್ಲ, ಜೀವದ ಆಸೆ ಯಾರಿಗಿಲ್ಲ? ನಾವು ಉಳಿದೆವು, ಅವಳೂ ಉಳಿದಳು. ಅಂಗಡಿಗಳು ಬರಿದಾದವು. ಜೋಳ ಮುಗಿದಾಗ ಅವಳು ಗೋಧಿಹಿಟ್ಟು ಕಲಸಿದಳು, ಅದೂ ಮುಗಿದಾಗ ನಾನು ನೆನೆಸಿ ಕೊಟ್ಟ ಅಕ್ಕಿ ರುಬ್ಬಿದಳು. ಇಡೀ ಕಟ್ಟಡ ಅವಳ ಒಲೆಯ ಮುಂದೆ ಕೂತು ತಿಂದಿತು. ಆಗ ಒಬ್ಬನಾದರೂ ಲೈಸೆನ್ಸ್ ಕೇಳಬೇಕಲ್ಲ!

ಯುದ್ಧ ಮುಗಿಯಿತು. ಹೋಟೆಲಿನವರು ವಾಪಸು ಬಂದರು, ಅವರ ಲೈಸೆನ್ಸ್ ಸಲೀಸಾಗಿ ಹೊಸದಾಯಿತು. ಅವಳ ಇಕಾಮಾ ಮಾತ್ರ ಖಲಾಸ್. ಅವಳ ದೇಶದ ಸರ್ಕಾರ ಇರಾಕಿನ ಕಡೆ ವಾಲಿತ್ತಂತೆ, ಆ ದೇಶದವರನ್ನು ಇನ್ನು ಇಟ್ಟುಕೊಳ್ಳುವುದಿಲ್ಲ ಎಂದ ಕಫೀಲ್. ಆ ಸರ್ಕಾರ ಎಲ್ಲಿ, ಹಿಟ್ಟು ಕಲಸುವ ಇವಳೆಲ್ಲಿ! ತಲೆ ಹಾಕಬೇಡ ಎಂದಿದ್ದ ನನ್ನ ಗಂಡನೇ ಶಾಲೆಗೆ ಹೋಗಿ ಅವಳ ಪರವಾಗಿ ಬೇಡಿಕೊಂಡರು. "ಕೂತುಕೊಳ್ಳಿ ಅಂತಲೂ ಹೇಳಲಿಲ್ಲ ಮಾರಾಯ್ತಿ," ಎಂದು ಮುಖ ಸಣ್ಣ ಮಾಡಿಕೊಂಡು ಬಂದರು.

ಅವಳು ಹೊರಡುವ ಹಿಂದಿನ ಸಂಜೆ ದೇವರಿಗೆ ದೀಪ ಹಚ್ಚಿ ತಿರುಗಿದರೆ ಬಾಗಿಲಲ್ಲಿ ಅವಳು ನಿಂತಿದ್ದಳು, ಕೈಯಲ್ಲಿ ಹುಳಿಹಿಟ್ಟಿನ ಪಾತ್ರೆ. ಈ ಹೊತ್ತಿನಲ್ಲಿ ಕೊಡಬಾರದು ಎಂದೆ. ಅವಳು ಅರಬ್ಬಿಯಲ್ಲಿ ಹೇಳಿದ ಮಾತು ಕನ್ನಡದಲ್ಲಿ ಇಷ್ಟು:

"ಕೊಟ್ಟರೆ ಲಕ್ಷ್ಮಿ ಹೋಗ್ತಾಳೆ ಅಂತ ತಾನೇ? ನನ್ನ ಮನೆಯಿಂದ ಹೋಗ್ತಾ ಇರೋದು ನಾನೇ. ತಗೋ."

ತೆಗೆದುಕೊಂಡೆ. ಇಬ್ಬರೂ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತೆವು.

ಅವಳು ಹೋದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಹೋಟೆಲಿನವರು ನಗುತ್ತಾ ನಮ್ಮ ಬಾಗಿಲಿಗೆ ಬಂದರು.

"ಅಕ್ಕಾ, ಬಂದವರೆಲ್ಲ ಆ ಸುಡಾನಿ ದೋಸೆಯನ್ನೇ ಕೇಳ್ತಾರೆ. ಅದರ ಹುಳಿಹಿಟ್ಟು ನಿಮ್ಮಲ್ಲಿ ಉಂಟಂತಲ್ಲ? ಒಂಚೂರು ಕೊಟ್ಟರೆ ಹೋಟೆಲಿನಲ್ಲೇ ಶುರು ಮಾಡ್ತಿದ್ದೆ."

ಇರಾಕಿನ ಸೈನ್ಯ ಬೆಂಕಿ ಹಚ್ಚಿ ಹೋದ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದ ಕಾಲ ಅದು. ಗಾಳಿ ನಮ್ಮ ಕಡೆ ಬೀಸಿದರೆ ಹೊಗೆ ಕವಿದು ನಡುಹಗಲೇ ಕತ್ತಲಾಗುತ್ತಿತ್ತು. ಅವತ್ತೂ ಹಾಗೆಯೇ, ಹಜಾರದಲ್ಲಿ ಬಲ್ಬು ಉರಿಯುತ್ತಿತ್ತು. ನಾನು ಅದರತ್ತ ಕೈ ತೋರಿಸಿದೆ.

"ದೀಪ ಹಚ್ಚಿ ಆಯಿತು. ಇನ್ನು ಹುಳಿ ಕೊಡುವ ಕ್ರಮ ನಮ್ಮಲ್ಲಿಲ್ಲ."

ಅವರೂ ನಮ್ಮ ಕಡೆಯವರು, ಕ್ರಮ ಗೊತ್ತಿದ್ದವರು. ವಾದ ಮಾಡಲಿಲ್ಲ.

"ಹಾಗಾದರೆ ನಾಳೆ ಬೆಳಿಗ್ಗೆ ಬರಲಾ?"

"ಅವಳ ಇಕಾಮಾ ಆದ ಮೇಲೆ ಬನ್ನಿ," ಎಂದು ಬಾಗಿಲು ಹಾಕಿಕೊಂಡೆ.