ವೈನಿಯ ಯಂತ್ರ, ಮಾಮಾರ ಸಂದು

ಹೋದ ತಿಂಗಳು ಒಂದು ದಿನ ನಮ್ಮ ವೈನಿ ಬೆಳಗಿನಿಂದ ಸಂಜೆಯವರೆಗೆ ಒಂದು ಯಂತ್ರವನ್ನು ಮುಂದೆ ಓಡಿಸಿದರು, ಹಿಂದೆ ಓಡಿಸಿದರು. ಮತ್ತೆ ಮುಂದೆ. ಮತ್ತೆ ಹಿಂದೆ. ಅದರ ಮೇಲೆ ಕಟ್ಟಿಗೆ ಇಡಲಿಲ್ಲ, ಏನನ್ನೂ ಕೊರೆಯಲಿಲ್ಲ. ರಜೆ ಹಾಕಿ ಜೇವರ್ಗಿಯಿಂದ ಅಫಜಲಪುರಕ್ಕೆ ಬಂದಿದ್ದ ನಾನು, ಮಧ್ಯಾಹ್ನದ ಊಟಕ್ಕೂ ಗತಿಯಿಲ್ಲದೆ, ಪಕ್ಕದಲ್ಲಿ ಕೂತು ಅದನ್ನೇ ನೋಡುತ್ತಿದ್ದೆ.

‘ಏನ್ ಮಾಡಾಕತ್ತೀರಿ ವೈನಿ?’

‘ಇದು ಖರೇ ಹೇಳತದೋ ಸುಳ್ಳು ಹೇಳತದೋ ನೋಡಾಕತ್ತೇನಿ.’

ಯಂತ್ರ ಸುಳ್ಳು ಹೇಳುತ್ತದೆಯೇ? ಹೇಳುತ್ತದಂತೆ. ಅದೂ ಮುಖ ಒಂದಿಷ್ಟೂ ಸಣ್ಣ ಮಾಡಿಕೊಳ್ಳದೆ.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ, ಹೆಸರು ಸುವರ್ಣಾ. (ಉಳಿದ ಸೀಮೆಯವರು ಅತ್ತಿಗೆ ಎಂದು ಓದಿಕೊಳ್ಳಿ.) ಇಪ್ಪತ್ತು ವರ್ಷ ಮನೆಯಲ್ಲೇ ಬ್ಲೌಸು ಹೊಲಿದವರು. ಮೊಣಕಾಲು ತಕರಾರು ತೆಗೆದ ಮೇಲೆ ಹೊಲಿಗೆ ಮಷಿನ್ ಮೂಲೆಗೆ ಸರಿಸಿ, ಹಿತ್ತಲ ತಗಡಿನ ಶೆಡ್ಡಿನಲ್ಲಿ ಒಂದು ಸಿಎನ್‌ಸಿ ಮಷಿನ್ ತಾವೇ ಜೋಡಿಸಿದರು. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಅದೇ ಅಳತೆಗೆ ಕಟ್ಟಿಗೆ ಕೊರೆಯುವ ಯಂತ್ರ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತರು, ಮೋಟಾರು ಕೊರಿಯರ್‌ನಲ್ಲಿ ತರಿಸಿದರು, ಕಬ್ಬಿಣದ ಚೌಕಟ್ಟು ಆಳಂದದ ಗುಜರಿಯಿಂದ ಹೊತ್ತು ತಂದರು. ಈಗ ಮನೆ ಹೆಸರಿನ ಬೋರ್ಡು, ದೇವರ ಕೋಣೆಯ ಜಾಲರಿ ಬಾಗಿಲು ಕೊರೆದು ಕೊಡುತ್ತಾರೆ.

‘ಈ ಮನ್ಯಾಗ ಹೇಳಿದ ಮಾತು ಕೇಳೂದು ಇದೊಂದೇ ನೋಡು’ ಎಂದು ಅಣ್ಣನ ಎದುರಿಗೇ ಹೇಳುತ್ತಿದ್ದರು. ಅವತ್ತು ಅದೂ ಮಾತು ಕೇಳುವುದಿಲ್ಲ ಎಂದು ಗೊತ್ತಾಗಿತ್ತು.

ಕಥೆ ಶುರುವಾದದ್ದು ಅತನೂರಿನಲ್ಲಿ, ನಮ್ಮ ಸೋದರಮಾವ ಶರಣಪ್ಪ ಮಾಮಾರ ಪೇಟಿಯಿಂದ. (ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಕಡೆ ಹಾರ್ಮೋನಿಯಂ ಎಂದವರನ್ನು ಮಂದಿ ಒಮ್ಮೆ ತಿರುಗಿ ನೋಡುತ್ತಾರೆ.) ನನಗೆ ಬುದ್ಧಿ ಬಂದಾಗಿನಿಂದ ಊರ ಬಸವಣ್ಣನ ಗುಡಿಯ ಭಜನೆಯಲ್ಲಿ ಪೇಟಿ ಮುಂದೆ ಕೂತವರು ಮಾಮಾ ಒಬ್ಬರೇ. ಸಕ್ಕರೆ ಕಾಯಿಲೆ ಮೆಲ್ಲಗೆ ಅವರ ಎರಡೂ ಕಣ್ಣು ಕಸಿದುಕೊಂಡಿತು. ಕಣ್ಣು ಹೋದರೂ ಪೇಟಿ ಬಿಡಲಿಲ್ಲ. ಬೆರಳಿಗೆ ದಾರಿ ಗೊತ್ತಿತ್ತು.

ಆಮೇಲೆ ಇಲಿ ಬಂದವು. ತೊಗರಿ ಚೀಲದ ಪಕ್ಕದಲ್ಲಿ ಪೇಟಿ ಇಟ್ಟದ್ದೇ ತಪ್ಪಾಯಿತು. ತೊಗರಿ ತಿಂದು ಸುಮ್ಮನೆ ಹೋಗಬೇಕಲ್ಲವೇ? ಇಲ್ಲ, ಪೇಟಿಯ ಕೀಗಳನ್ನೂ ಕಡಿದವು. ಅದರಲ್ಲೂ ನಡುವಿನ ಕೀಗಳು ಗುರುತು ಸಿಗದಂತೆ ಹೋಗಿದ್ದವು. ವರ್ಷಗಟ್ಟಲೆ ಮಾಮಾರ ಬೆರಳಿನ ಬೆವರು ಇಳಿದದ್ದು ಅಲ್ಲೇ ತಾನೆ, ಉಪ್ಪಿನ ರುಚಿ ಹತ್ತಿರಬೇಕು.

ಭಜನಾ ಮಂಡಳಿಯವರು ಬೇರೆ ಪೇಟಿ ತಂದುಕೊಟ್ಟರು. ಮಾಮಾ ಕೂತರು, ತಿದಿ ಒತ್ತಿದರು. ಎರಡನೇ ನುಡಿಯ ಹೊತ್ತಿಗೆ ಕೈ ಎಲ್ಲೋ ಹೋಯಿತು. ಹಾಡುವವರು ಒಂದು ಕಡೆ, ಪೇಟಿ ಇನ್ನೊಂದು ಕಡೆ. ಯಾರೋ ನಕ್ಕರಂತೆ. ಮಾಮಾ ಪೇಟಿ ಮುಚ್ಚಿ, ಗೋಡೆ ಹಿಡಿದುಕೊಂಡು ಎದ್ದುಬಂದರಂತೆ.

‘ಶ್ರಾವಣ ಸೋಮವಾರಕ್ಕ ನನ್ನ ಪೇಟಿ ತಯಾರಾತಂದ್ರ ಕುಂದರ್ತೇನಿ,’ ಎಂದು ನನಗೆ ಫೋನಿನಲ್ಲಿ ಹೇಳಿದರು. ‘ಆಗಲಿಲ್ಲಂದ್ರ ಮುಗೀತು ಬೇ. ಇನ್ನ ಗುಡಿ ಕಡೆ ಹೋಗಂಗಿಲ್ಲ.’

ರಿಪೇರಿಯವರು, ಇಷ್ಟು ಹಳೆಯದಕ್ಕೆ ಹೊಂದುವ ಕೀ ಸಿಗುವುದಿಲ್ಲ, ಹೊಸ ಪೇಟಿ ತಗೊಳ್ರಿ ಅಂದರು. ವೈನಿ ಮಾತ್ರ ‘ತಗೊಂಡ ಬಾ, ಕೊರದು ನೋಡೋಣ’ ಅಂದರು. ಪೇಟಿ ಹೊತ್ತುಕೊಂಡು ಹೋದವಳು ನಾನು.

ಪೇಟಿಯ ಒಳಗೆ ಗಾಳಿ ಬರುವ ತೂತುಗಳ ಸಾಲು ಇರುತ್ತದೆ. ಒಂದೊಂದು ತೂತಿನ ಮೇಲೆ ಒಂದೊಂದು ಕೀ ಕೂರಬೇಕು. ವೈನಿ ಆ ಸಾಲನ್ನು ಈ ತುದಿಯಿಂದ ಆ ತುದಿಗೆ ಅಳೆದು, ಸಮನಾಗಿ ಭಾಗ ಮಾಡಿ, ಸಾಗುವಾನಿ ಹಲಗೆಯಲ್ಲಿ ಕೀಗಳನ್ನು ಕೊರೆದರು. ನೋಡಲು ಏನು ಚೆಂದ ಅಂತೀರಿ. ಕೂರಿಸಿದಾಗ ಬಣ್ಣ ಬಯಲಾಯಿತು. ಎಡಗಡೆ ಬರೋಬ್ಬರಿ. ನಡುವೆ ಜರಾ ಸರಿದಿತ್ತು. ಬಲತುದಿಗೆ ಬರುವ ಹೊತ್ತಿಗೆ ಕೀ ತನ್ನ ತೂತು ಬಿಟ್ಟು ಪಕ್ಕದವರ ಮನೆ ಬಾಗಿಲಿಗೆ ಹೋಗಿ ನಿಂತಿತ್ತು.

‘ಜರಾ ಉಜ್ಜಿ ಕೂಡಿಸಿಬಿಡ್ರಿ ವೈನಿ, ನಡೀತದ’ ಅಂದೆ ನಾನು.

ಬಾಗಿಲಲ್ಲಿ ನಿಂತಿದ್ದ ಅಣ್ಣನೂ ‘ಹೂಂ, ನಡೀತದ’ ಅಂದ.

‘ನಡೀತದ’. ಅಫಜಲಪುರ, ಆಳಂದ, ಜೇವರ್ಗಿ ಮೂರೂ ತಾಲೂಕಿನಲ್ಲಿ ಯಾವ ಅಂಗಡಿಗೆ ಹೋದರೂ ಸ್ಟಾಕ್ ಇರುವ ಮಾಲು ಇದೊಂದೇ. ಕಿಟಕಿ ಮುಚ್ಚುವುದಿಲ್ಲವೇ? ನಡೀತದ. ಆಧಾರಿನಲ್ಲಿ ಅಪ್ಪನ ಹೆಸರು ತಪ್ಪಾಗಿದೆಯೇ? ನಡೀತದ. ರಸ್ತೆ ಮಾಡಿದ ಮೇಲೆ ಪೈಪು ನೆನಪಾಯಿತೇ? ಅಗೀರಿ, ನಡೀತದ. (ನನ್ನ ಅಂಕಣದಲ್ಲಿ ಅಕ್ಷರ ತಪ್ಪಾದಾಗ ಸಂಪಾದಕರಿಗೆ ನಾನೂ ಅದನ್ನೇ ಹೇಳುವುದು.)

ವೈನಿ ಕೀಗಳನ್ನು ಒಂದೊಂದಾಗಿ ಕಿತ್ತಿಟ್ಟರು. ‘ನಡೆಯಂಗಿಲ್ಲ. ತಪ್ಪು ಕೀದಲ್ಲ, ಮಷಿನಿಂದು. ಒಂದೊಂದು ಕೀ ಎಳೆಯಷ್ಟು ಫರಕ್ ಆದ್ರ, ತುದೀಗಿ ಬರೂದ್ರಾಗ ಅದು ಎಷ್ಟಾತು?’

ಹೀಗಾಗಿ ಮರುದಿನ ಆ ಓಡಾಟ. ಕಟ್ಟಿಗೆ ಕೊರೆಯುವ ಮೊನೆಯ ಜಾಗದಲ್ಲಿ ಒಂದು ಸೂಜಿ ಕಟ್ಟಿದರು. (ಹೊಲಿಗೆ ಮಷಿನಿನ ಸೂಜಿಯೇ, ಅದು ಇನ್ನೂ ಕೆಲಸದಿಂದ ನಿವೃತ್ತಿಯಾಗಿಲ್ಲ.) ಕಂಪ್ಯೂಟರಿನಲ್ಲಿ ‘ಮುನ್ನೂರು ಮಿಲಿಮೀಟರ್ ಹೋಗು’ ಅಂದರು. ಹೋಯಿತು. ಪರದೆಯ ಮೇಲೆ ಮುನ್ನೂರು ಎಂದು ಧೈರ್ಯವಾಗಿ ತೋರಿಸಿತು.

ನಾನು ಉಪಕಾರಿಯಂತೆ ಅವರ ಹಳೆಯ ಹೊಲಿಗೆ ಟೇಪು ಕೊಡಲು ಹೋದೆ. ವೈನಿ ನಕ್ಕರು.

‘ಅದು ಎಳದೆಳದು ಉದ್ದ ಆಗೇದ ಬೇ. ಬ್ಲೌಸಿಗಿ ನಡೀತಿತ್ತು, ಅಳದದ್ದೂ ಅದರಲೇ, ಕತ್ತರಿಸಿದ್ದೂ ಅದರಲೇ. ಇಲ್ಲಿ ಅದರ ಮಾತು ನಂಬಂಗಿಲ್ಲ.’

ಸ್ಟೀಲಿನ ಪಟ್ಟಿ ಇಟ್ಟು ಅಳೆದರು. ಮುನ್ನೂರು ಎಂದ ಯಂತ್ರ ಹೋಗಿದ್ದದ್ದು ಇನ್ನೂರ ತೊಂಬತ್ತೇಳು.

ಇಷ್ಟು ದಿನ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಬೋರ್ಡು ಒಂದಿಷ್ಟು ಗಿಡ್ಡವಾದರೆ ಮನೆಯವರ ಹೆಸರೇನೂ ಗಿಡ್ಡವಾಗುವುದಿಲ್ಲವಲ್ಲ. ಯಾರೂ ಅಳೆದು ನೋಡಿರಲಿಲ್ಲ. ಪೇಟಿ ಬಂದು ಮಷಿನನ್ನು ಹಿಡಿದುಕೊಟ್ಟಿತು.

ಒಂದು ಮಿಲಿಮೀಟರ್ ಸರಿಯಲು ಮೋಟಾರು ಎಷ್ಟು ತಿರುಗಬೇಕು ಎಂಬ ಒಂದು ಅಂಕಿ ಕಂಪ್ಯೂಟರಿನಲ್ಲಿ ಇರುತ್ತದಂತೆ. ವೈನಿ ಲೆಕ್ಕ ಹಾಕಿ ಅದನ್ನು ತಿದ್ದಿದರು. ಮತ್ತೆ ಓಡಿಸಿದರು, ಮತ್ತೆ ಅಳೆದರು. ಮತ್ತೆ ಚೂರು ತಿದ್ದಿದರು. ಕೊನೆಗೆ ಮುನ್ನೂರಕ್ಕೆ ಮುನ್ನೂರು ಬಂತು.

‘ಹಾಂ, ಮುಗೀತಲ್ಲ. ಊಟ?’ ಅಂದೆ.

‘ಹೋಗೂದು ನೋಡಿದ್ವಿ. ತಿರುಗಿ ಬರೂದು ನೋಡಬ್ಯಾಡ?’

ನೋಡಿದರೆ, ತಿರುಗಿ ಬರುವಾಗ ಹೊರಟ ಜಾಗಕ್ಕೆ ಕೂದಲೆಳೆಯಷ್ಟು ಮುಂಚೆಯೇ ನಿಂತುಬಿಡುತ್ತಿತ್ತು. ಬೋರಿಂಗಿನ ಕೈಪಂಪಿನ ಹಿಡಿಕೆ ಒತ್ತಿದಾಗ ಮೊದಲು ಒಂದಿಷ್ಟು ಖಾಲಿ ಆಡಿ ಆಮೇಲೆ ಭಾರ ಹಿಡಿಯುತ್ತದಲ್ಲ, ಹಾಗೆ. ದಿಕ್ಕು ಬದಲಿಸಿದಾಗಲೆಲ್ಲ ಆ ಒಂದಿಷ್ಟು ಆಟ ನಷ್ಟ. ವೈನಿ ಮೋಟಾರಿನ ಬೆಲ್ಟು ಬಿಗಿ ಮಾಡಿದರು. ಆದರೂ ಉಳಿದ ಚೂರಿಗೆ ಒಂದು ನಿಯಮ ಮಾಡಿದರು: ಯಾವ ಜಾಗಕ್ಕೆ ಹೋಗುವುದಾದರೂ ಎಡದಿಂದಲೇ ಹೋಗಬೇಕು. ಬಲದಿಂದ ಬರುವುದಿದ್ದರೆ ದಾಟಿ ಹಿಂದಕ್ಕೆ ಹೋಗಿ, ಮತ್ತೆ ಎಡದಿಂದಲೇ ಬರಬೇಕು.

ನನಗೆ ಹಸಿವಿನಲ್ಲೂ ಖುಷಿಯಾಯಿತು. ನಾವು ದಿನವಿಡೀ ಏನು ಮಾಡುತ್ತೇವೆ? ಹಾಲಿನವನ ಅಳತೆ ಸರಿಯೇ ನೋಡುತ್ತೇವೆ, ಆಟೋದವನ ಮೀಟರು ನೋಡುತ್ತೇವೆ, ಸೊಸೆಯ ರೊಟ್ಟಿ ದುಂಡಗಿದೆಯೇ ನೋಡುತ್ತೇವೆ. ಮಂದಿ ಹೊಗಳುತ್ತಿರುವ ತನ್ನದೇ ಕೆಲಸವನ್ನು ನಿಲ್ಲಿಸಿ, ತನ್ನದೇ ಯಂತ್ರದ ಮೇಲೆ ಅನುಮಾನಪಟ್ಟು, ಒಂದು ದಿನ ಅದಕ್ಕೇ ಇಟ್ಟವರನ್ನು ನೀವು ಎಷ್ಟು ಮಂದಿ ಕಂಡಿದ್ದೀರಿ? ನಾನು ಒಬ್ಬರನ್ನು ಕಂಡೆ. ಊಟ ತಡವಾಗಿ ಸಿಕ್ಕಿತು, ಇರಲಿ.

ಮತ್ತೆ ಕೊರೆದ ಕೀಗಳು ಎಡದಿಂದ ಬಲತುದಿಯವರೆಗೆ ತಮ್ಮ ತಮ್ಮ ತೂತಿನ ಮೇಲೆ ಕೂತವು. ಶ್ರಾವಣ ಸೋಮವಾರ ಹತ್ತಿರ ಬಂದಿತ್ತು. ಪೇಟಿ ತಗೊಂಡು ನಾವಿಬ್ಬರೂ ಅತನೂರಿಗೆ ಹೋದೆವು.

ಮಾಮಾ ಎಡತುದಿಯಿಂದ ಬೆರಳಾಡಿಸಿದರು. ‘ವಾಹ್, ಬರೋಬ್ಬರಿ ಅದ ಯವ್ವಾ’ ಅಂದರು. ನುಡಿಸಿದರು. ನಾನು ವೈನಿಯ ಕೈ ಹಿಸುಕಿದೆ. ಅಷ್ಟರಲ್ಲಿ ಮಾಮಾ ಬೆವರು ಒರೆಸಿಕೊಳ್ಳಲು ಕೈ ತೆಗೆದರು. ತಿರುಗಿ ಇಟ್ಟರು. ಸ್ವರ ಎಲ್ಲೋ ಕೆಳಗೆ ಬಿತ್ತು. ಕೈ ತೆಗೆದು ಮತ್ತೆ ಇಟ್ಟರು. ಈ ಸಲ ಎಲ್ಲೋ ಮೇಲೆ. ಕೀಗಳ ಮೇಲೆ ಬೆರಳು ತಡಕಾಡುತ್ತ ನಿಂತುಬಿಟ್ಟವು.

‘ಇದರಾಗ ನನ್ನ ಸಂದು ಇಲ್ಲಲ್ಲ ಸುವರ್ಣಾ,’ ಅಂದರು.

ಎಂಥ ಸಂದು? ಕೇಳಿದಾಗ ಮಾಮಾ ನೆನಪಿಸಿಕೊಂಡು ಹೇಳಿದರು. ಬಹಳ ಹಿಂದೆ ಪೇಟಿಯ ನಡುವಿನ ಒಂದು ಬಿಳಿ ಕೀ ಮುರಿದಿತ್ತು. ಚೌಡಾಪುರದ ಬಡಿಗ್ಯಾರು ಒಬ್ಬರು ಹೊಸದು ಮಾಡಿಕೊಟ್ಟರು. ಅದು ಅಗಲದಲ್ಲಿ ಜರಾ ಕಡಿಮೆಯಾಗಿ ಪಕ್ಕದಲ್ಲಿ ಸಣ್ಣ ಸಂದು ಉಳಿಯಿತು. ಕಣ್ಣಿದ್ದಾಗ ಮಾಮಾ ಅದನ್ನು ನೋಡಿ ಬಡಿಗ್ಯಾರಿಗೆ ಬೈದದ್ದೇ ಬೈದದ್ದು. ಕಣ್ಣು ಹೋದ ಮೇಲೆ ಅದೇ ಸಂದು ಬೆರಳಿಗೆ ಗುರುತಾಯಿತು.

‘ಕರೀ ಕೀ ಎಲ್ಲಾ ಕಡೆ ಒಂದೇ ನಮೂನಿ ಇರ್ತಾವ. ಕೈ ಎತ್ತಿ ಇಟ್ರ ನಾ ನಡುವ ಇದ್ದೇನೋ ಆಜುಬಾಜು ಇದ್ದೇನೋ ಹ್ಯಾಂಗ ತಿಳೀಬೇಕು? ಆ ಸಂದೇ ಹೇಳತಿತ್ತು,’ ಅಂದರು. ‘ನನಗೂ ಈಗೇ ಗೊತ್ತಾತು ನೋಡು.’

ಬೆರಳಿಗೆ ಗೊತ್ತಿದ್ದದ್ದು ಅವರಿಗೇ ಗೊತ್ತಿರಲಿಲ್ಲ. ಮಂಡಳಿಯವರ ಪೇಟಿಯಲ್ಲಿ ಕೈ ತಪ್ಪಿದ್ದು ಯಾಕೆಂದು ಆಗ ತಿಳಿಯಿತು.

ನನಗೆ ಸಿಟ್ಟು ಬಂತು, ಮುಚ್ಚಿಡುವುದೇಕೆ? ಇಷ್ಟೆಲ್ಲ ಹೈರಾಣಾಗಿ ಎಲ್ಲ ಸಮ ಮಾಡಿದರೆ, ಇವರಿಗೆ ಬೇಕಾದದ್ದು ಸೊಟ್ಟ. ಅದನ್ನು ಮೊದಲೇ ಹೇಳಬಾರದೇ? ವೈನಿಯ ಮುಖ ನೋಡಿದೆ. ಅಲ್ಲಿ ಸಿಟ್ಟೇ ಇರಲಿಲ್ಲ.

‘ಮಾಮಾರ, ಆ ಸಂದು ಎಷ್ಟಿತ್ತು?’

‘ಎಷ್ಟಂತ ಹೇಳಲಿ ಯವ್ವಾ. ಬೆರಳಿಗಿ ಹತ್ತೂವಷ್ಟು.’

ಈ ಅಳತೆ ಯಾವ ಪಟ್ಟಿಯ ಮೇಲಿದೆ? ಹಳೆಯ ಕೀ ಇಲಿಯ ಹೊಟ್ಟೆಯಲ್ಲಿತ್ತು. ವೈನಿ ಊರಿಗೆ ವಾಪಸು ಹೋದರು. ಮರುದಿನ ಒಂದು ಕಟ್ಟಿಗೆ ಪಟ್ಟಿ ಹಿಡಿದುಕೊಂಡು ಬಂದರು. ಅದರಲ್ಲಿ ಸಾಲಾಗಿ ಸೀಳುಗಳು. ಮೊದಲನೆಯದು ಉಗುರೂ ಹಿಡಿಯದಷ್ಟು ಸಣ್ಣದು, ಮುಂದಿನದು ಅದಕ್ಕಿಂತ ಕೂದಲೆಳೆ ಅಗಲ, ಅದರ ಮುಂದಿನದು ಇನ್ನೊಂದೆಳೆ.

ಮಾಮಾ ಬೆರಳಾಡಿಸುತ್ತ ಹೋದರು. ‘ಇದಲ್ಲ. ಇದಲ್ಲ. ಇದೂ ಅಲ್ಲ.’ ಒಂದು ಸೀಳಿನ ಮೇಲೆ ಬೆರಳು ನಿಂತಿತು. ಮುಖ ಅರಳಿತು. ‘ಇದೇ.’

ವೈನಿ ಸುಮ್ಮನಾಗಲಿಲ್ಲ. ಪಟ್ಟಿಯನ್ನು ಸದ್ದಿಲ್ಲದೆ ತಿರುಗುಮುರುಗು ಮಾಡಿ ಮತ್ತೆ ಕೈಗಿಟ್ಟರು. (ಹೋಗುವುದು ನೋಡಿದ ಮೇಲೆ ಬರುವುದೂ ನೋಡಬೇಕಲ್ಲ.) ಮಾಮಾರ ಬೆರಳು ಈ ತುದಿಯಿಂದ ಹೊರಟು ಅದೇ ಸೀಳಿಗೆ ಬಂದು ನಿಂತಿತು.

‘ಹಾಂ,’ ಅಂದರು ವೈನಿ. ‘ಈ ಬೆರಳು ಸುಳ್ಳು ಹೇಳಂಗಿಲ್ಲ.’ ಮಾಮಾ ತೋರಿಸಿದ ನಡುವಿನ ಬಿಳಿ ಕೀಯನ್ನು, ಪಕ್ಕದಲ್ಲಿ ಆ ಸೀಳಿನಷ್ಟೇ ಸಂದು ಉಳಿಯುವಂತೆ, ಮತ್ತೆ ಕೊರೆದು ಕೂರಿಸಿದರು.

ಶ್ರಾವಣ ಸೋಮವಾರ ಗುಡಿ ತುಂಬಿತ್ತು. ಮಾಮಾ ಪೇಟಿ ಮುಂದೆ ಕೂತರು. ಎರಡನೇ ನುಡಿ ಬಂತು. ಮಾಮಾ ಟಾವೆಲ್ ತೆಗೆದುಕೊಂಡು ಬೆವರು ಒರೆಸಿಕೊಂಡರು. ತಿರುಗಿ ಬಂದ ಕೈ ಸಂದಿನ ಮೇಲೆ ಒಮ್ಮೆ ನಿಂತು, ಅಲ್ಲಿಂದ ಹೊರಟಿತು, ತಪ್ಪಲಿಲ್ಲ. ಯಾರೂ ನಗಲಿಲ್ಲ. ಹೆಂಗಸರ ಸಾಲಿನಲ್ಲಿ ತಾಳ ಹಾಕುತ್ತಿದ್ದ ವೈನಿ ಮಾಮಾರ ಬೆರಳನ್ನೇ ನೋಡುತ್ತಿದ್ದರು. ನನ್ನ ಕಣ್ಣು ಒದ್ದೆಯಾಗಿತ್ತು.

ಭಜನೆ ಮುಗಿದ ಮೇಲೆ ಅಣ್ಣ ನನ್ನ ಕಿವಿಯಲ್ಲಿ ಅಂದ, ‘ನೋಡಿದೇನು ನಿಮ್ಮ ವೈನಿ ಶ್ಯಾಣೇತನ? ಇಡೀ ದಿನ ಕುಂತು ಮಷಿನ್ ಸರಿ ಮಾಡಿದ್ಲು. ಕಡೀಕ ಕೊರದದ್ದು ಚೌಡಾಪುರ ಬಡಿಗ್ಯಾನ ತಪ್ಪು.’

ಅವನಿಗೆ ಕೇಳಿದ್ದನ್ನೇ ನಿಮಗೂ ಕೇಳುತ್ತೇನೆ: ಒಂದು ತಪ್ಪನ್ನು ಅದಿದ್ದ ಜಾಗದಲ್ಲೇ, ಇದ್ದಷ್ಟೇ ಅಗಲಕ್ಕೆ ಕೊರೆಯಬೇಕಾದರೆ ಯಂತ್ರ ಎಷ್ಟು ಸರಿ ಇರಬೇಕು?