ರಟ್ಟಿನೊಳಗಿನ ಹಾಳೆ

ಪ್ರಾರ್ಥನಾ ಕೂಟದಲ್ಲಿ ನನ್ನನ್ನು ‘ಡೈರಿಯಣ್ಣ’ ಎಂದು ಕರೆಯುತ್ತಾರೆ. ಮೊದಲು ಆ ಹೆಸರು ಕಿವಿಗೆ ಬಿದ್ದರೆ ಉಬ್ಬಿಹೋಗುತ್ತಿದ್ದೆ. ಈಗ ಮುಖ ಎಲ್ಲಿಡಲಿ ಎನಿಸುತ್ತದೆ.

ನಾನು ಪುಸ್ತಕ ಬೈಂಡ್ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಾಳೆ ಮಡಚಿ, ಎಂಟೆಂಟು ಎಣಿಸಿ, ಸೂಜಿದಾರದಲ್ಲಿ ಹೊಲಿಯುವುದು, ಒಲೆಯ ಮೇಲೆ ಅಂಟು ಕುದಿಸುವುದು ನನ್ನಾಕೆ. ಅಂಚು ಕತ್ತರಿಸಿ ರಟ್ಟು ಹಾಕುವುದು ನಾನು. ಮೊದಲೆಲ್ಲ ನನ್ನ ಸಿಟ್ಟೋ, ಸದಾ ಮೂಗಿನ ತುದಿಯಲ್ಲೇ. ರಾತ್ರಿ ನಿದ್ದೆಯಿಲ್ಲ, ಹಗಲು ಎದೆಯುರಿ. ಹತ್ತು ವರ್ಷದ ಹಿಂದೆ ನಮ್ಮ ಪಾದ್ರಿಗಳು ಕರೆದು ಹೇಳಿದರು: “ದಿನಾ ಬೆಳಿಗ್ಗೆ ಹಿಂದಿನ ದಿನದ ತಪ್ಪೊಂದು, ಕೃತಜ್ಞತೆ ಒಂದು ಬರೀರಿ. ಯಾರನ್ನೂ ಮೆಚ್ಚಿಸೋಕಲ್ಲ, ದೇವರ ಹತ್ರ ಮಾತಾಡೋ ಹಾಗೆ ಬರೀರಿ.” ನನ್ನಾಕೆಯೇ ಒಂದು ಪುಸ್ತಕ ಹೊಲಿದುಕೊಟ್ಟಳು.

ಬರೆದೆ. ಸುಳ್ಳೇಕೆ ಹೇಳಲಿ, ಗುಣ ಕಂಡಿತು. ಮೂರು ತಿಂಗಳಲ್ಲಿ ನಿದ್ದೆ ಬಂತು. ಬೈಗುಳ ನಾಲಿಗೆಯ ತುದಿಗೆ ಬಂದಾಗ, ‘ನಾಳೆ ಇದನ್ನೂ ಬರೀಬೇಕಲ್ಲಪ್ಪಾ’ ಅನಿಸಿ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಕೂಟದಲ್ಲಿ ಇದನ್ನೆಲ್ಲ ಹೇಳಿದೆ. ಜನ ಹೊಗಳಿದರು, ಡೈರಿ ತೋರಿಸಿ ಎಂದರು. ನಾನು ಕೆಟ್ಟದ್ದು ಅಲ್ಲೇ.

ತೋರಿಸುವ ಮೊದಲು ಆರಂಭದ ವಾರದ ಒಂದು ಹಾಳೆ ಕಿತ್ತೆ. ಅದೇ ಅಳತೆಯ ಹೊಸ ಹಾಳೆಯನ್ನು ಅಂಟಿಸಿ, ಅದೇ ತಾರೀಖು ಹಾಕಿ, ‘ನಿನ್ನೆ ಪ್ರಾರ್ಥನೆಯಲ್ಲಿ ಆಕಳಿಸಿದೆ’ ಎಂದು ದುಂಡಗೆ ಬರೆದೆ. ಎಂಥಾ ಕೈಚಳಕ, ಥೂ! ಕಿತ್ತದ್ದನ್ನು ಸುಡಲು ಭಯ; ದೇವರಿಗೆ ಬರೆದದ್ದಲ್ಲವೇ? ಅದನ್ನು ಹಿಂದಿನ ರಟ್ಟಿಗೆ ಒತ್ತಿ, ಮೇಲೊಂದು ಬಣ್ಣದ ಕಾಗದ ಅಂಟಿಸಿ ಮುಚ್ಚಿಬಿಟ್ಟೆ.

ಕಳೆದ ವಾರ ನನ್ನ ಬಾಮೈದ, ಅಂದರೆ ನನ್ನಾಕೆಯ ತಮ್ಮ, ಬಂದ. ಹೆಂಡತಿಗೆ ಹೊಡೆದಿದ್ದ; ಅವಳು ತವರಿಗೆ ಹೋಗಿದ್ದಳು.

“ಭಾವ, ನನ್ನ ಕೈ ನನ್ನ ಮಾತೇ ಕೇಳಲ್ಲ. ನೀವು ಹೇಗೆ ಸರಿಹೋದ್ರಿ?”

ದೊಡ್ಡ ಮನುಷ್ಯನ ಹಾಗೆ ಡೈರಿ ಎತ್ತಿಕೊಟ್ಟೆ. “ಓದು, ಗೊತ್ತಾಗತ್ತೆ.”

ನಾಲ್ಕು ದಿನ ಬಿಟ್ಟು ತಂದು ಮೇಜಿನ ಮೇಲಿಟ್ಟ. “ಇದು ಸಂತರ ಪುಸ್ತಕ ಭಾವ. ನಿಮ್ಮ ದೊಡ್ಡ ತಪ್ಪು ಅಂದ್ರೆ ಪ್ರಾರ್ಥನೇಲಿ ಆಕಳಿಸಿದ್ದು! ನನ್ನಂಥವನಿಗೆ ಇದೆಲ್ಲ ಆಗಿಬರಲ್ಲ. ಅವಳು ವಾಪಸ್ ಬರದೇ ಇರೋದೇ ಒಳ್ಳೇದು ಬಿಡಿ.” ಚಪ್ಪಲಿ ಮೆಟ್ಟಲು ಬಾಗಿಲಿಗೆ ಹೋದ.

ಮೂಲೆಯಲ್ಲಿ ಹೊಲಿಯುತ್ತಿದ್ದ ನನ್ನಾಕೆ ಸೂಜಿ ಕೆಳಗಿಟ್ಟು ಎದ್ದು ಬಂದಳು. ಡೈರಿ ತೆಗೆದು ಹಾಳೆಗಳ ಬುಡವನ್ನು ಬೆರಳಲ್ಲಿ ಸವರುತ್ತ, ಒಂದು ಹಾಳೆಯ ಬಳಿ ಬೆರಳು ನಿಲ್ಲಿಸಿದಳು.

“ರೀ, ಇದು ಅಂಟಿಸಿದ ಹಾಳೆ. ನಾನು ಹೊಲಿದದ್ದು ಎಲ್ಲಿ?”

ಭೂಮಿ ಬಾಯಿಬಿಡಬಾರದೇ ಅನಿಸಿತು. ಅವಳ ಬೆರಳು ತಾರೀಖಿನ ಮೇಲಿತ್ತು. ಅದು ಯಾವ ದಿನವೆಂದು ಅವಳಿಗೆ ನಾನು ಹೇಳಬೇಕಾಗಿರಲಿಲ್ಲ.

“ಹೋಗ್ಲಿ ಬಿಡೇ, ಹಳೇದು,” ಅಂದೆ. ನಾಚಿಕೆಗೆಟ್ಟ ಬಾಯಿ!

“ಹಳೇದು ಹೋಗ್ಲಿ. ನನ್ನ ತಮ್ಮ ಹೋಗ್ತಿದ್ದಾನೆ, ನೋಡಿ,” ಅಂದಳು.

ಚಾಕು ತೆಗೆದುಕೊಂಡು ರಟ್ಟಿನ ಮೇಲಿನ ಬಣ್ಣದ ಕಾಗದ ಸೀಳಿದೆ. ಹಾಳೆ ಅಂಟಿಗೆ ಕಂದಿತ್ತು, ಅಕ್ಷರ ಹಾಗೇ ಇದ್ದವು. ಬಾಮೈದನ ಕೈಗೆ ಕೊಡಹೋದೆ.

“ನೀವೇ ಓದಿ,” ಅಂದಳು.

ಓದಿದೆ. “ನಿನ್ನೆ ಅಂಟು ಸೀದುಹೋಯಿತೆಂದು ಹೆಂಡತಿಯ ಕೆನ್ನೆಗೆ ಹೊಡೆದೆ. ಅವಳು ಅಳಲಿಲ್ಲ. ಹೋಗಿ ಬೇರೆ ಅಂಟು ಕುದಿಸಿದಳು. ದೇವರೇ, ಅವಳ ಮುಖ ನೋಡಲು ಆಗುತ್ತಿಲ್ಲ.”

“ನೀವೂನಾ ಭಾವ?” ಬಾಮೈದ ಚಪ್ಪಲಿ ಬಿಟ್ಟು ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತ. ಮತ್ತೆ ಏಳಲಿಲ್ಲ.

ಅಬ್ಬಾ, ಮುಗಿಯಿತು ಎಂದುಕೊಂಡು ಹಾಳೆ ಮಡಚಹೋದೆ. ನನ್ನಾಕೆ ಪೆನ್ನು ತಂದು ಮುಂದಿಟ್ಟಳು.

“ಒಂದಲ್ಲ ರೀ, ಎರಡೇಟು. ಅದನ್ನೂ ಬರೀರಿ.”

ಅವಳ ತಮ್ಮನ ಮುಂದೆಯೇ ಬರೆದೆ.