ನೀಲಿ ದೀಪದ ಡ್ಯಾಕ್

ಫ್ರೆಂಡ್ಸ್, ಕೊಟ್ಟೂರಿನ ಮನೆಯಿಂದ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಕಂಪ್ಯೂಟರಿನ ಹಾಡನ್ನು ಕೆಡದಂತೆ ಸ್ಪೀಕರಿಗೆ ದಾಟಿಸುವ ಪೆಟ್ಟಿಗೆಗೆ ಡ್ಯಾಕ್ ಅಂತಾರೆ. ದಾವಣಗೆರೆಯ ಅಂಗಡಿಯವರು ಕೇಳಿ ನೋಡಲೆಂದು ಎರಡು ಕೊಟ್ಟು, ಬೇಡವಾದದ್ದನ್ನು ಇವತ್ತು ಬಸ್ಸಿಗೆ ಹಾಕಿ ಕಳಿಸಿ ಎಂದಿದ್ದರು. ರಜೆಯಿಡೀ ಕೇಳಿ, ಟೆನ್ಷನ್ ಮಾಡಿಕೊಂಡು, ಕೊನೆಗೆ ಕಪ್ಪು ಪೆಟ್ಟಿಗೆಯನ್ನು ಆರಿಸಿದ್ದೆ. ಅದರಲ್ಲಿ ತಬಲಾದ ಮೇಲೆ ಬೆರಳು ಜಾರುವುದೂ ಕೇಳಿಸುತ್ತಿತ್ತು. ಇನ್ನೊಂದಕ್ಕೆ ಇದ್ದದ್ದು ನೀಲಿ ದೀಪಗಳು, ಅಷ್ಟೇ.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಆ ಕಪ್ಪು ಪೆಟ್ಟಿಗೆಯನ್ನೇ ಕಂಡಕ್ಟರ್ ಕೈಗೆ ಕೊಟ್ಟು ಬಂದಿದ್ದರು!

“ಲೇ ತಮ್ಮಾ, ಅದಕ್ಕ ಒಂದು ಲೈಟೂ ಇಲ್ಲ. ಶೋಕೇಸಿನಾಗ ಇಟ್ರ ಟಿಫಿನ್ ಡಬ್ಬಿ ಅಂತಾರ.”

“ಅಪ್ಪಾ, ಅದು ಕೇಳಾಕ, ನೋಡಾಕಲ್ಲ! ನನ್ನ ಒಂದ್ ಮಾತು ಕೇಳಬಾರ್ದಿತ್ತಾ?”

“ನಾಳಿ ನಿಮ್ಮಕ್ಕನ್ನ ನೋಡಾಕ ಹರಪನಹಳ್ಳಿಯವ್ರು ಬರ್ತಾರ. ಅವ್ರು ನಿನ್ನ ತಬಲಾ ಕೇಳಾಕ ಬರ್ತಾರೇನಲೇ?”

ನೀಲಿ ದೀಪದ ಪೆಟ್ಟಿಗೆ ಶೋಕೇಸಿಗೇರಿತು. ದಪ್ಪ ವೈರುಗಳು ಅಡ್ಡ ಬಂದು ಶೋಕೇಸಿನ ಗಾಜಿನ ಬಾಗಿಲು ಮುಚ್ಚಲಿಲ್ಲ. ಕರೆಂಟಿನದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವ್ವ ಕಿತ್ತುಹಾಕಿದಳು.

ಸಂಜೆಯಿಂದ ಪಕ್ಕದ ಮನೆಯವರೆಲ್ಲ ಬಂದು, “ಭಾಳ ಚಲೋ ಐತ್ರಿ!” ಎಂದು ಹೊಗಳಿ ಹೋಗುತ್ತಿದ್ದಾರೆ. ಅದು ಇನ್ನೂ ಒಂದು ಸೊಲ್ಲೂ ಹಾಡಿಲ್ಲ.